ಏಳು ಮನೆಗೆ ಮೊದಲು ಒಂದು ಸಾಮೂಹಿಕ ಮನೆ: ಗುಬ್ಬಿ ತಾಲ್ಲೂಕಿನ ಕಟ್ಟಡ ಕೆಲಸದ ದಾಖಲೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಹೇಮಾವತಿ ನಾಲೆಯ ನೀರು ತಲುಪದ ಮಗ್ಗುಲಿನ ಒಂದು ಹಳ್ಳಿಯ ಪಕ್ಕದಲ್ಲಿ, ಏಳು ಕುಟುಂಬಗಳು ಸೇರಿ 4 ಎಕರೆ 12 ಗುಂಟೆ ಜಮೀನಿನಲ್ಲಿ ಒಟ್ಟಾಗಿ ಬದುಕುವ ಏರ್ಪಾಡೊಂದನ್ನು ಕಟ್ಟಿಕೊಳ್ಳುತ್ತಿದ್ದೇವೆ. ಮಲಗುವ ಮನೆಗಳು ಬೇರೆ ಬೇರೆ. ಅಡುಗೆಮನೆ, ಊಟದ ಹಜಾರ, ಬಟ್ಟೆ ಒಗೆಯುವ ಕಟ್ಟೆ, ಬಂದವರು ಉಳಿಯುವ ಕೋಣೆ, ಗುದ್ದಲಿ ಹಾರೆ ಇಡುವ ಕೊಠಡಿ, ಕುಡಿಯುವ ನೀರಿನ ತೊಟ್ಟಿ ಮತ್ತು ತೋಟ ಎಲ್ಲರದು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ನನಗೆ ಲೆಕ್ಕ ಬರೆಯುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲವಾದ್ದರಿಂದ, ಕೆಲಸದ ಡೈರಿ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಈ ಬರಹ ಆ ಡೈರಿಯಿಂದ ತೆಗೆದದ್ದು. ಇದನ್ನು ಬರೆಯುವ ಹೊತ್ತಿಗೆ, ಎಂದರೆ 2024ರ ಅಕ್ಟೋಬರ್ ಕೊನೆಯಲ್ಲಿ, ಸಾಮೂಹಿಕ ಮನೆ ಮುಗಿದು ಒಲೆ ಹೊತ್ತಿದೆ. ಏಳು ಮನೆಗಳ ಪೈಕಿ ಒಂದರ ಪಾಯಕ್ಕೂ ಇನ್ನೂ ಗುದ್ದಲಿ ಬಿದ್ದಿಲ್ಲ. ಇದು ವಿಳಂಬವಲ್ಲ, ಬೇಕೆಂದೇ ಮಾಡಿದ್ದು. ಆದರೆ ಆ ನಿರ್ಧಾರಕ್ಕೆ ಬರುವ ಮುನ್ನ ನಾವು ಒಂದೂವರೆ ವರ್ಷ ಕಳೆದೆವು, ಎರಡು ನಕ್ಷೆಗಳನ್ನು ಹರಿದೆವು; ಮೂರನೆಯದು ಹೋದದ್ದು ಆಮೇಲೆ.

ಮೊದಲ ನಕ್ಷೆ ಹರಿದದ್ದು

ನಾವು ಶುರು ಮಾಡಿದ್ದು ತಪ್ಪು ತುದಿಯಿಂದ. 2022ರಲ್ಲಿ ಆಗಿನ್ನೂ ಒಂಬತ್ತು ಕುಟುಂಬಗಳಿದ್ದ ನಾವು ಬೆಂಗಳೂರಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಕುಳಿತು, ಯಾರ ಮನೆ ಪೂರ್ವಕ್ಕೆ, ಯಾರದು ಮಾವಿನ ಮರದ ಪಕ್ಕ, ಯಾರಿಗೆ ಎರಡು ಕೋಣೆ, ಯಾರಿಗೆ ಮೂರು ಎಂದು ಗೆರೆ ಎಳೆದೆವು. ಆ ನಕ್ಷೆ ನೋಡಲು ಚೆನ್ನಾಗಿತ್ತು. ಅದರಲ್ಲಿ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನೀಲಿ ಬಣ್ಣದ ಒಂದು ವೃತ್ತ ಬಿಟ್ಟರೆ ಏನೂ ಇರಲಿಲ್ಲ.

ಕೃಷಿಕರಲ್ಲದವರು ಸಾಗುವಳಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋಗಿದ್ದವಾದ್ದರಿಂದ ಖರೀದಿಗೆ ತೊಡಕಿರಲಿಲ್ಲ. ಆ ತಿದ್ದುಪಡಿ ರೈತರಿಗೆ ಒಳ್ಳೆಯದೇ ಎಂಬ ಬಗ್ಗೆ ನಮ್ಮಲ್ಲೇ ಎರಡು ಮಾತಿತ್ತು, ಈಗಲೂ ಇದೆ. ಅದರ ಲಾಭ ಪಡೆದವರು ನಾವು ಎಂಬುದನ್ನು ಮಾತ್ರ ಮರೆಮಾಚುವಂತಿಲ್ಲ. ಕಾಗದಪತ್ರ ನೋಡಿದ ವಕೀಲರು ಮೂವತ್ತು ವರ್ಷದ ಋಣಭಾರ ಪತ್ರ, ಮೂಲ ಕ್ರಯಪತ್ರ, ಮ್ಯುಟೇಶನ್ ಎಲ್ಲವನ್ನೂ ತೆಗೆಸಿದರು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯವಾಗುತ್ತದೆಯಾದ್ದರಿಂದ ಮಂಜೂರಾತಿ ದಾಖಲೆಯನ್ನೂ ಹುಡುಕಿಸಿದರು. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಒಂದು ದಿನವೂ ದಂಡವಾಗಲಿಲ್ಲ.

ದಂಡವಾದದ್ದು ನಕ್ಷೆ. ಪಹಣಿಯಲ್ಲಿ 4 ಎಕರೆ 12 ಗುಂಟೆ ಎಂದಿದ್ದರೂ ಅದರಲ್ಲಿ 9 ಗುಂಟೆ ಬಿ ಖರಾಬು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಖರಾಬು ಎಂದರೆ ಕಲ್ಲುಬಂಡೆಯ ಜಾಗವಿರಬೇಕು ಎಂದು ನಾವು ಅಂದುಕೊಂಡಿದ್ದೆವು. ಎ ಖರಾಬು ಆಗಿದ್ದರೆ ಆ ಮಾತು ಸರಿ. ಬಿ ಖರಾಬು ಎಂದರೆ ಹಳ್ಳ, ದಾರಿ, ಕಟ್ಟೆ ಹೀಗೆ ಸಾರ್ವಜನಿಕರದು, ಹಣ ಕೊಟ್ಟರೂ ನಮ್ಮದಾಗದು. ಭೂಮಾಪಕರು ಬಂದು ಗ್ರಾಮ ನಕಾಶೆ ಹರಡಿ ಸರಪಳಿ ಎಳೆದಾಗ, ಹಳ್ಳಕ್ಕೆ 6 ಗುಂಟೆ ಹೋಯಿತು. ಉಳಿದ 3 ಗುಂಟೆ ಜಮೀನಿನ ನಟ್ಟನಡುವೆ ಹಾದುಹೋಗುವ ಬಂಡಿದಾರಿ. ಅದರ ಮೇಲೆ ಬಂಡಿ ಓಡಿ ಎಷ್ಟು ವರ್ಷವಾಗಿತ್ತೋ; ಮೇಲೆ ಲಂಟಾನ ಬೆಳೆದಿತ್ತು. ನಮ್ಮ ಚೆಂದದ ನಕ್ಷೆಯ ಮೂರನೇ ಮನೆಯ ದೇವರಕೋಣೆ ಮತ್ತು ಅರ್ಧ ಹಜಾರ ಸರಿಯಾಗಿ ಆ ದಾರಿಯ ಮೇಲೆ ಕುಳಿತಿದ್ದವು.

ಆ ಮನೆಯನ್ನು ಆಚೀಚೆ ಸರಿಸಿದರೆ ಮುಗಿಯುತ್ತಿತ್ತು. ಆದರೆ ನಮ್ಮೊಳಗಿದ್ದ ನಿವೃತ್ತ ಮೇಷ್ಟ್ರು ದಾರಿಯನ್ನು ದಾರಿಯಾಗಿಯೇ ಬಿಡೋಣ, ಲಂಟಾನ ಕಿತ್ತು ಊರವರು ಓಡಾಡುವಂತೆ ಮಾಡೋಣ ಎಂದರು. ಹಾಗೆಯೇ ಮಾಡಿದೆವು. ಆಚೆ ಬದಿಯ ಇಬ್ಬರು ರೈತರ ತೆಂಗಿನಕಾಯಿ ಈಗ ಆ ದಾರಿಯಲ್ಲೇ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಕಾಂಪೌಂಡು ಹಾಕುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ, ಏಕೆಂದರೆ ನಡುವೆ ದಾರಿ ಇಟ್ಟುಕೊಂಡು ಸುತ್ತ ಗೋಡೆ ಕಟ್ಟುವುದು ಸಾಧ್ಯವಿರಲಿಲ್ಲ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆಗೆ ಅರ್ಜಿ ಹಾಕಿದ್ದು ರಸ್ತೆಯ ಕಡೆಯ 1 ಎಕರೆ 10 ಗುಂಟೆಗೆ ಮಾತ್ರ. ಉಳಿದದ್ದು ಸಾಗುವಳಿ ಜಮೀನಾಗಿಯೇ ಇದೆ.

ನೀರು ಮನೆಗಳನ್ನು ಎಣಿಸಿದ್ದು

ಎರಡನೇ ನಕ್ಷೆಯನ್ನು ಹರಿದದ್ದು ಕೊಳವೆಬಾವಿ. ಜಮೀನಿನಲ್ಲಿ ಹಳೆಯದೊಂದು ಬೋರು ಇತ್ತು, ಮೋಟಾರು ಸುಸ್ಥಿತಿಯಲ್ಲಿತ್ತು. ಮಾರಿದವರು ಬೇಸಿಗೆಯಲ್ಲೂ ನೀರು ನಿಲ್ಲುವುದಿಲ್ಲ ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಅವರು ನೀರು ಬಿಡುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ ತೆಂಗಿಗೆ. 2023ರ ಏಪ್ರಿಲಿನಲ್ಲಿ ನಾವು 500 ಲೀಟರಿನ ನಾಲ್ಕು ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಬೆಳಿಗ್ಗೆ ಆರಕ್ಕೆ ಮೋಟಾರು ಹಾಕಿದೆವು. ನಾಲ್ಕೂ ತುಂಬುವ ಹೊತ್ತಿಗೆ ಪೈಪು ಗಾಳಿ ಉಗುಳತೊಡಗಿತು. ಹತ್ತು ದಿನ ಹೀಗೆಯೇ ಮಾಡಿದೆವು. ಒಂದು ದಿನವೂ ಐದನೇ ಡ್ರಮ್ಮು ಬೇಕಾಗಲಿಲ್ಲ. ಆದ್ದರಿಂದ ಕಡುಬೇಸಿಗೆಯಲ್ಲಿ ದಿನಕ್ಕೆ 2,000 ಲೀಟರು ಎಂಬುದನ್ನೇ ಮೇಲ್ಮಿತಿಯಾಗಿ ಬರೆದುಕೊಂಡೆವು.

ಸ್ನಾನ, ಬಟ್ಟೆ, ಪಾತ್ರೆ, ಶೌಚ ಎಲ್ಲ ಸೇರಿ ಒಬ್ಬರಿಗೆ 70 ಲೀಟರು ಎಂದು ಹಿಡಿದರೆ ಒಂಬತ್ತು ಕುಟುಂಬಗಳ 31 ಜನಕ್ಕೆ ದಿನಕ್ಕೆ 2,170 ಲೀಟರು ಬೇಕು. ಏಳು ಕುಟುಂಬಗಳ 24 ಜನಕ್ಕೆ 1,680 ಸಾಕು. ಇನ್ನೊಂದು ಬೋರು ಕೊರೆಸಿದರಾಯಿತು ಎಂದು ಒಬ್ಬರು ಹೇಳಿದರು. ಎರಡೂ ಬೋರು ಒಂದೇ ಬಂಡೆಯ ಬಿರುಕಿನಿಂದ ನೀರು ಎಳೆಯುವುದಾದರೆ, ಅದು ಎರಡು ಸ್ಟ್ರಾ ಹಾಕಿ ಒಂದೇ ಎಳನೀರು ಕುಡಿದಂತೆ ಎಂದು ನಮ್ಮ ಎಂಜಿನಿಯರು ಹೇಳಿದ ಮೇಲೆ ಆ ಮಾತು ನಿಂತಿತು. ಅದೇ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ನಮ್ಮ ಲೆಕ್ಕದ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ. ಅಷ್ಟರಲ್ಲಿ ಎರಡು ಕುಟುಂಬಗಳು ಬೇರೆ ಬೇರೆ ಕಾರಣಕ್ಕೆ ಹಿಂದೆ ಸರಿದವು. ಅವರ ಜಾಗಕ್ಕೆ ಹೊಸಬರನ್ನು ಸೇರಿಸಿಕೊಂಡಿದ್ದರೆ ಹಣದ ಭಾರ ಹಗುರವಾಗುತ್ತಿತ್ತು. ನೀರಿನ ಲೆಕ್ಕ ಒಪ್ಪಲಿಲ್ಲ.

ಬೋರಿನ ನೀರನ್ನು ಪರೀಕ್ಷೆಗೆ ಕೊಟ್ಟಾಗ ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ ಬಂತು. ಕುಡಿಯುವ ನೀರಿನಲ್ಲಿ 1.5ಕ್ಕಿಂತ ಹೆಚ್ಚಿರಬಾರದು. ಹೀಗಾಗಿ ಕುಡಿಯಲು, ಅಡುಗೆಗೆ ಮಳೆನೀರೇ ಗತಿ ಎಂದಾಯಿತು. ಇದರ ಲೆಕ್ಕ ಸರಳ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಸಾಮೂಹಿಕ ಮನೆಯ ಛಾವಣಿ 180 ಚದರ ಮೀಟರು. ವರ್ಷದ ಮಳೆಯನ್ನು ಜಿಪುಣತನದಿಂದ 600 ಮಿಲಿಮೀಟರು ಎಂದು ಹಿಡಿದು, ಅದರಲ್ಲಿ ಐದರಲ್ಲೊಂದು ಪಾಲು ಚೆಲ್ಲಿಹೋಗುತ್ತದೆ ಎಂದರೂ 86,400 ಲೀಟರು ಸಿಗುತ್ತದೆ. ನವೆಂಬರ್ ನಡುವಿನಿಂದ ಮೇ ನಡುವಿನವರೆಗೆ 180 ದಿನ ಮಳೆಯೇ ಇಲ್ಲವೆಂದುಕೊಂಡು, 24 ಜನಕ್ಕೆ ತಲಾ 8 ಲೀಟರಿನಂತೆ ಕೂಡಿಸಿದರೆ 34,560 ಲೀಟರು ಬೇಕು. ತೊಟ್ಟಿಯನ್ನು 40,000 ಲೀಟರಿಗೆ ನಿಗದಿ ಮಾಡಿದೆವು: ಒಳವ್ಯಾಸ 5.2 ಮೀಟರು, ನೀರು ನಿಲ್ಲುವ ಎತ್ತರ 1.9 ಮೀಟರು, ಅರ್ಧ ನೆಲದೊಳಗೆ, ಸೈಜುಗಲ್ಲಿನ ಕಟ್ಟಣ, ಒಳಗೆ ನೀರು ಜಿನುಗದ ಗಿಲಾವು. ತುಂಬಿ ಹೆಚ್ಚಾದದ್ದು ಬೋರಿನ ಸುತ್ತ ತೆಗೆದ ಇಂಗುಗುಂಡಿಗೆ ಹೋಗುತ್ತದೆ.

ಈ ಅಳತೆಯಿಂದ ಒಂದು ಅನುಕೂಲ ತಾನಾಗಿ ಒದಗಿತು. ತೊಟ್ಟಿಯಲ್ಲಿ ಒಂದು ಸೆಂಟಿಮೀಟರು ನೀರೆಂದರೆ ಸುಮಾರು 212 ಲೀಟರು. ನಮ್ಮ ದಿನದ ಬಳಕೆ 192. ಆದ್ದರಿಂದ ಒಳಗೆ ನಿಲ್ಲಿಸಿದ ಅಳತೆಪಟ್ಟಿಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರು ಇಳಿಯಬಾರದು ಎಂಬುದೇ ನಿಯಮ. ಮಕ್ಕಳು ಕೂಡ ಅದನ್ನು ಓದಿ ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ.

ಸಾಮೂಹಿಕ ಮನೆಯನ್ನೇ ಮೊದಲು ಕಟ್ಟಬೇಕೆಂಬ ತೀರ್ಮಾನ ಹುಟ್ಟಿದ್ದು ಇಲ್ಲಿ. ಕುಡಿಯುವ ನೀರು ಹಿಡಿಯುವ ಛಾವಣಿ ಅದರದೇ ಆಗಿರುವಾಗ, ಮನೆಗಳನ್ನು ಮೊದಲು ಕಟ್ಟಿ ಕೂತರೆ ಕುಡಿಯಲು ಟ್ಯಾಂಕರು ತರಿಸಬೇಕಾಗುತ್ತಿತ್ತು.

ಒಂದೇ ಒಲೆ

ಅಡುಗೆಮನೆಯ ವಿಷಯದಲ್ಲಿ ಆದ ಜಗಳವನ್ನು ಮುಚ್ಚಿಡುವುದು ಸರಿಯಲ್ಲ. ಏಳರಲ್ಲಿ ಮೂರು ಕುಟುಂಬಗಳು ಮಾಂಸ ತಿನ್ನುವವು. ಸಾಮೂಹಿಕ ಅಡುಗೆಮನೆ ಸಸ್ಯಾಹಾರಕ್ಕೆ ಮಾತ್ರ ಎಂದು ಬರೆದರೆ ಕಟ್ಟಡಕ್ಕೆ ಸಮಪಾಲು ಹಣ ಕೊಟ್ಟ ಮೂವರು ತಮ್ಮ ಅಡುಗೆಮನೆಯಲ್ಲೇ ಅತಿಥಿಗಳಾಗುತ್ತಾರೆ. ಏನು ಬೇಕಾದರೂ ಬೇಯಿಸಬಹುದು ಎಂದರೆ ಇಬ್ಬರು ಹಿರಿಯರು ಅಲ್ಲಿ ಎಲೆ ಹಾಕುವುದಿಲ್ಲ. ಹಿಂದೆ ಸರಿದ ಎರಡು ಕುಟುಂಬಗಳಲ್ಲಿ ಒಂದು ಈ ಕಾರಣಕ್ಕೇ ಹೋಯಿತು. ಕೊನೆಗೆ ವಾರದ ಆರು ದಿನ ಮಧ್ಯಾಹ್ನದ ಸಾಮೂಹಿಕ ಊಟ ಸಸ್ಯಾಹಾರ, ಭಾನುವಾರ ಹಿತ್ತಿಲ ಚಪ್ಪರದಡಿ ಇನ್ನೊಂದು ಒಲೆ, ಅದಕ್ಕೆ ಬೇರೆ ಪಾತ್ರೆ, ಬೆಳಗಿನ ಮತ್ತು ರಾತ್ರಿಯ ಊಟ ಅವರವರ ಮನೆಯಲ್ಲಿ ಎಂದು ಒಪ್ಪಂದವಾಯಿತು. ನನ್ನ ಮಟ್ಟಿಗೆ ಇದು ಪೂರ್ತಿ ನ್ಯಾಯವಲ್ಲ. ಚಪ್ಪರದಡಿ ಕಳುಹಿಸಿದ್ದು ಯಾರನ್ನು ಎಂಬುದು ಎಲ್ಲರಿಗೂ ಗೊತ್ತಿದೆ. ಈ ಪ್ರಶ್ನೆಯನ್ನು ಜಮೀನಿಗೆ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

ಪುದುಚೇರಿ ಹತ್ತಿರ 1968ರಲ್ಲಿ ಶುರುವಾದ, ಹಲವು ದೇಶದವರು ಕೂಡಿ ಬಾಳುವ ಆರೋವಿಲ್ಲಿಗೆ ಹೋಗಿದ್ದಾಗ ಅಲ್ಲಿನ ಅಡುಗೆಮನೆಯ ಮೇಲೆ ಬಿಸಿಲಿನ ಕಾವಿನಿಂದ ಅಡುಗೆ ಬೇಯಿಸಲು ಕಟ್ಟಿದ 15 ಮೀಟರು ವ್ಯಾಸದ ಸೌರ ಬೋಗುಣಿ ನೋಡಿ ನಮ್ಮ ಕಿರಿಯರಿಗೆ ಅಂಥದ್ದೇ ಬೇಕೆನಿಸಿತು. ಸಾವಿರ ಊಟದ ಅಡುಗೆಮನೆಯ ಸಾಧನವನ್ನು 24 ಊಟಕ್ಕೆ ತರುವುದು ಸರಿಹೋಗದು. ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ರೂಪಿಸಿದ, ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆಯನ್ನು ದೊಡ್ಡ ಅಳತೆಯಲ್ಲಿ ಕಟ್ಟಿಸಿ, ಜೊತೆಗೆ ಗ್ಯಾಸು ಇಟ್ಟುಕೊಂಡೆವು. ತೆಂಗಿನ ಸಿಪ್ಪೆ, ಮಟ್ಟೆ, ಗರಿ ನಮ್ಮ ಕಡೆ ಉರುವಲಿಗೆ ಧಾರಾಳ.

ಮಣ್ಣು, ತಕ್ಕಡಿ, ಮೇಸ್ತ್ರಿ

ಗೋಡೆಗೆ ಸುಡದ ಮಣ್ಣಿನ ಇಟ್ಟಿಗೆ ಎಂಬುದರಲ್ಲಿ ಎಲ್ಲರೂ ಒಂದೇ ಮಾತಿನವರಾಗಿದ್ದರು. 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ಅದೇ ಅಸ್ತ್ರ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಈ ಇಟ್ಟಿಗೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸನ್ನೆ ಹಾಕಿ ಒತ್ತುವ ಕೈಯಂತ್ರವೊಂದನ್ನು ಬಾಡಿಗೆಗೆ ತಂದೆವು. ಅದರಿಂದ ಬರುವ ಇಟ್ಟಿಗೆ 230 ಮಿಲಿಮೀಟರು ಉದ್ದ, 190 ಅಗಲ, 100 ಎತ್ತರ. 190 ಚದರ ಮೀಟರು ಗೋಡೆಗೆ, ಚದರ ಮೀಟರಿಗೆ 38ರಂತೆ, ಒಡೆದುಹೋಗುವುದನ್ನೂ ಸೇರಿಸಿ 7,500 ಬೇಕಿತ್ತು.

ಮಣ್ಣು ತೊಟ್ಟಿಗಾಗಿ ಅಗೆದದ್ದೇ. ಮೇಲಿನ ಒಂದಡಿಯ ಬೇರು, ಗೊಬ್ಬರ ಸೇರಿದ ಮಣ್ಣನ್ನು ತೋಟಕ್ಕೆ ಎತ್ತಿಟ್ಟು, ಕೆಳಗಿನ ಕೆಮ್ಮಣ್ಣನ್ನು ಬಾಟಲಿಯಲ್ಲಿ ಪರೀಕ್ಷಿಸಿದೆವು. ಇದಕ್ಕೆ ಬೇಕಾದದ್ದು ನೇರ ಗೋಡೆಯ ಗಾಜಿನ ಬಾಟಲಿ, ಒಂದು ಚಿಟಿಕೆ ಉಪ್ಪು ಮತ್ತು ತಾಳ್ಮೆ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಅಲ್ಲಾಡಿಸಿ ಇಟ್ಟರೆ, ಮರಳು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ಗೋಡು, ಮಾರನೆಯ ದಿನದ ಹೊತ್ತಿಗೆ ಮೇಲುಗಡೆ ಜೇಡಿ ನುಣ್ಣಗೆ ಕೂರುತ್ತದೆ. ನಮ್ಮಲ್ಲಿ ಜೇಡಿ ಕಾಲುಭಾಗದಷ್ಟಿತ್ತು. ಸಿಮೆಂಟು ಬೆರೆಸುವ ಇಟ್ಟಿಗೆಗೆ ಅದು ಹೆಚ್ಚು. ಹತ್ತರಿಂದ ಹದಿನೈದು ಪಾಲಿದ್ದರೆ ಹದ. ಅದಕ್ಕಾಗಿ ಒಂದು ಬಾಂಡ್ಲಿ ಮಣ್ಣಿಗೆ ಹೆಚ್ಚುಕಡಿಮೆ ಒಂದು ಬಾಂಡ್ಲಿ ಕ್ವಾರಿ ಪುಡಿ ಸೇರಿಸಿದೆವು. ಎರೆಮಣ್ಣಿನ ಸೀಮೆಯವರು ಇದನ್ನು ಹಾಗೆಯೇ ಅನುಸರಿಸಬಾರದು. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಆ ಮಣ್ಣಿಗೆ ಸುಣ್ಣ ಬೇಕಾಗುತ್ತದೆ.

ಸಿಮೆಂಟು ನೂರಕ್ಕೆ ಏಳು. ಒಂದು ಇಟ್ಟಿಗೆಗೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಒಂದು ಚೀಲಕ್ಕೆ ಸುಮಾರು 90 ಇಟ್ಟಿಗೆ. 2024ರ ಸಂಕ್ರಾಂತಿ ಕಳೆದ ವಾರ ಕೆಲಸ ಶುರುವಾಯಿತು. ಆರು ಜನರ ತಂಡ ದಿನಕ್ಕೆ 400 ಇಟ್ಟಿಗೆ ಒತ್ತುತ್ತಿತ್ತು: ಇಬ್ಬರು ಜರಡಿ ಹಿಡಿದು ಬೆರೆಸಲು, ಒಬ್ಬರು ತೂಗಲು, ಇಬ್ಬರು ಯಂತ್ರದ ಸನ್ನೆಗೆ, ಒಬ್ಬರು ಒತ್ತಿದ್ದನ್ನು ಎತ್ತಿ ಜೋಡಿಸಲು. ತೂಗುವುದು ಏಕೆಂದರೆ, ಅಚ್ಚಿನ ಗಾತ್ರ ಬದಲಾಗದಿರುವಾಗ ಒಳಗೆ ಎಷ್ಟು ತೂಕದ ಮಣ್ಣು ಹೋಯಿತು ಎಂಬುದರ ಮೇಲೆಯೇ ಇಟ್ಟಿಗೆಯ ಬಿಗುವು ನಿಂತಿದೆ. ಹದವಾಗಿ ನೆನೆದ ಮಣ್ಣು ಇಟ್ಟಿಗೆಗೆ 8.7 ಕಿಲೋ ಹೋಗಬೇಕು. ಒಣಗಿದ ಮೇಲೆ 7.9 ಕಿಲೋ ಆಸುಪಾಸಿಗೆ ಬರುತ್ತದೆ.

ಒಂಬತ್ತನೇ ದಿನ ತಕ್ಕಡಿ ಕೆಟ್ಟಿತು. ಮೊಮ್ಮಗಳ ನಾಮಕರಣಕ್ಕೆಂದು ನಾನು ನಾಲ್ಕು ದಿನ ಊರಿನಲ್ಲಿರಲಿಲ್ಲ. ಮೇಸ್ತ್ರಿ ಫೋನಿನಲ್ಲಿ ವಿಷಯ ತಿಳಿಸಿದಾಗ ಹೊಸ ತಕ್ಕಡಿ ತರುವವರೆಗೆ ಕೆಲಸ ನಿಲ್ಲಿಸಿ ಎನ್ನಬೇಕಿತ್ತು. “ಇಪ್ಪತ್ತು ವರ್ಷದಿಂದ ಬಾಂಡ್ಲಿ ಎತ್ತಿದೀನಿ ಸಾರ್, ತೂಕ ಕೈಗೇ ಗೊತ್ತಾಗುತ್ತೆ” ಎಂದರು. ಕೂಲಿ ದಂಡವಾಗುತ್ತದಲ್ಲ ಎಂಬ ನನ್ನ ಬ್ಯಾಂಕಿನ ಬುದ್ಧಿ ಹೂಂ ಎಂದಿತು. ತಪ್ಪು ಅವರದಲ್ಲ, ನನ್ನದು.

ಪ್ರತಿದಿನದ ರಾಶಿಗೆ ಸುಣ್ಣದಲ್ಲಿ ತಾರೀಖು ಬರೆದು ನಿಲ್ಲಿಸುವ ಪದ್ಧತಿ ಇಟ್ಟುಕೊಂಡಿದ್ದರಿಂದ ಬಚಾವಾದೆವು. ಮೊದಲ ಎರಡು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಆಮೇಲೆ ಗೋಣಿಚೀಲ ಮತ್ತು ತೆಂಗಿನ ಗರಿ ಹೊದಿಸಿ ಇಪ್ಪತ್ತೊಂದು ದಿನ ನೀರು ಚಿಮುಕಿಸಿದೆವು. ಅದು ಬರಗಾಲದ ಫೆಬ್ರವರಿ. ಪೈಪು ಹಿಡಿದು ನೀರು ಬಿಡುವ ಬದಲು ಹೂಕುಂಡದ ಚಿಮುಕಿಸುವ ಡಬ್ಬಿ ಬಳಸಿದೆವು. ಅವಧಿ ಮುಗಿದ ಮೇಲೆ ಪ್ರತಿ ರಾಶಿಯಿಂದ ಮೂರು ಇಟ್ಟಿಗೆ ತೆಗೆದು ಎರಡು ದಿನ ನೀರಿನಲ್ಲಿ ಮುಳುಗಿಸಿದೆವು. ಉಳಿದ ರಾಶಿಯವು ಕಲ್ಲಿನಂತೆ ಇದ್ದವು, ಸ್ಕ್ರೂಡ್ರೈವರಿನಿಂದ ಗೀರಿದರೆ ಬಿಳಿ ಗೆರೆ ಮಾತ್ರ ಮೂಡುತ್ತಿತ್ತು. ಆ ನಾಲ್ಕು ದಿನದ ಇಟ್ಟಿಗೆಗಳನ್ನು ನೀರಿನಿಂದ ಎತ್ತುವಾಗಲೇ ಮೂಲೆ ಬೆರಳಿಗೆ ಬಂತು. ಮೇಸ್ತ್ರಿ ಏನೂ ಮಾತಾಡದೆ ತಾವೇ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಅಂಚನ್ನು ಒತ್ತಿದರು. ಒದ್ದೆ ಬೆಲ್ಲದ ಅಚ್ಚಿನಂತೆ ಅದು ಉದುರಿತು. ಅದೇ ರಾಶಿಯ ಒಣ ಇಟ್ಟಿಗೆಗಳನ್ನು ಹೊಸ ತಕ್ಕಡಿಯಲ್ಲಿಟ್ಟರೆ 7.2 ಕಿಲೋ, 7.1, 7.3. ಕೈಗೆ ತೂಕ ಗೊತ್ತಿತ್ತು, ನಿಜ. ಆದರೆ ಸಂಜೆಯ ಹೊತ್ತಿಗೆ ದಣಿದ ಕೈ ತನಗೆ ಅರಿವಿಲ್ಲದೆಯೇ ಹಗುರವಾಗಿ ತುಂಬುತ್ತದೆ, ಹಗುರವಾಗಿ ತುಂಬಿದರೆ ಸನ್ನೆ ಒತ್ತುವುದೂ ಸಲೀಸು.

1,600 ಇಟ್ಟಿಗೆಗಳನ್ನು ಎಸೆಯಲಿಲ್ಲ. ಎಂಜಿನಿಯರಿಗೆ ತೋರಿಸಿ, ಭಾರ ಹೊರದ, ಮಳೆ ತಾಗದ ಒಳಗಿನ ಅರೆಗೋಡೆಗಳಿಗೆ ಮತ್ತು ಹಜಾರದ ಕಟ್ಟೆಗೆ ಸುಮಾರು 1,100 ಬಳಸಿದೆವು. ಉಳಿದವನ್ನು ಪುಡಿಮಾಡಿ ನೆಲದ ಭರ್ತಿಗೆ ಹಾಕಿದೆವು. ಹೊರಗೋಡೆಗೆ ಕಡಿಮೆ ಬಿದ್ದವನ್ನು ಮತ್ತೆ ಒತ್ತಿದೆವು. ಅಲ್ಲಿಂದ ಮುಂದೆ ತಕ್ಕಡಿ ಎರಡು ಇರಬೇಕೆಂದು ಹಠ ಹಿಡಿದವರು ಮೇಸ್ತ್ರಿಯೇ.

ಗೋಡೆ, ಛಾವಣಿ

ಗೋಡೆಯ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಯ ಸೈಜುಗಲ್ಲಿನದು, ನೆಲದಿಂದ ಒಂದೂವರೆ ಅಡಿ ಮೇಲೆ. ಗಾರೆ ಸಿಮೆಂಟು ಒಂದು, ಮಣ್ಣು ಎರಡು, ಮರಳು ಆರು. ಹೊರಗೆ ಗಿಲಾವು ಇಲ್ಲ, ಬದಲಿಗೆ ಎರಡೂವರೆ ಅಡಿ ಚಾಚಿದ ಸೂರು. ಮಣ್ಣಿನ ಗೋಡೆಗೆ ಕಾಲಿಗೆ ಕಲ್ಲು, ತಲೆಗೆ ಕೊಡೆ ಇದ್ದರೆ ನಡುವೆ ಏನೂ ಬೇಡ ಎಂದು ಊರಿನ ಹಿರಿಯರೊಬ್ಬರು ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಹಜಾರ ಮತ್ತು ಅಡುಗೆಮನೆಗೆ 110 ಚದರ ಮೀಟರು ಇಳಿಜಾರಿನ ಮಂಗಳೂರು ಹೆಂಚು. ಕೋಣೆಗಳ ಮೇಲೆ 70 ಚದರ ಮೀಟರು ಫಿಲ್ಲರ್ ಸ್ಲ್ಯಾಬು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ರೂಢಿಗೆ ತಂದ ವಿಧಾನ. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಕಂಬಿಗಳನ್ನು ಹಿಡಿದುಕೊಂಡಿರುತ್ತದೆ ಅಷ್ಟೆ. ಆದ್ದರಿಂದ ಕಂಬಿಗಳ ಚೌಕದ ನಡುವೆ, ಒಂದಕ್ಕೊಂದು ಎದುರುಬದುರಾಗಿ ಜೋಡಿಸಿದ ಎರಡೆರಡು ಹಳೆಯ ಹೆಂಚನ್ನು ಕೂರಿಸಿದರೆ ಅಷ್ಟು ಕಾಂಕ್ರೀಟು ಉಳಿಯುತ್ತದೆ, ನಡುವಿನ ಗಾಳಿ ಬಿಸಿಲಿನ ಕಾವನ್ನೂ ತಡೆಯುತ್ತದೆ. ಕಿತ್ತುಹಾಕಿದ ಒಂದು ಹಳೆಯ ಕಟ್ಟಡದ ಹೆಂಚು ಸಿಕ್ಕಿತು. ಒಂದೇ ಎಚ್ಚರ: ಹೆಂಚನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಬೇಕು, ಇಲ್ಲದಿದ್ದರೆ ಅದು ಕಾಂಕ್ರೀಟಿನ ನೀರನ್ನು ಹೀರಿ ಸುತ್ತ ಬಿರುಕು ಬಿಡಿಸುತ್ತದೆ. ಕಂಬಿಯ ಅಳತೆ, ಅಂತರ ಎಂಜಿನಿಯರ ನಕ್ಷೆಯಂತೆಯೇ. ಅದರಲ್ಲಿ ನಾವು ಯಾರೂ ಬುದ್ಧಿ ಖರ್ಚು ಮಾಡಲಿಲ್ಲ.

ಮೇ ತಿಂಗಳ ಮೊದಲ ದೊಡ್ಡ ಮಳೆ ನಮ್ಮ ಮಾಪಕದಲ್ಲಿ 22 ಮಿಲಿಮೀಟರು ತೋರಿಸಿತು. ಮೊದಲ ಕೊಳೆನೀರು ಹೊರಗೆ ಬಿಟ್ಟರೂ ತೊಟ್ಟಿಯಲ್ಲಿ 14 ಸೆಂಟಿಮೀಟರು ನೀರು ನಿಲ್ಲಬೇಕಿತ್ತು, ನಿಂತದ್ದು 8. ತೊಟ್ಟಿ ಸೋರುತ್ತಿದೆಯೇ ಎಂದು ಎಲ್ಲರಿಗೂ ಎದೆ ಧಸಕ್ಕೆಂದಿತು. ಮೂರು ದಿನ ನೋಡಿದರೂ ಗೆರೆ ಇಳಿಯಲಿಲ್ಲ. ಮುಂದಿನ ಮಳೆಯಲ್ಲಿ ಕೊಡೆ ಹಿಡಿದು ಸೂರಿನಡಿ ನಿಂತಾಗ ಕಾರಣ ಕಣ್ಣಿಗೇ ಬಿತ್ತು: ಜೋರು ಮಳೆಯಲ್ಲಿ ಹೆಂಚಿನ ಮೇಲಿಂದ ರಭಸವಾಗಿ ಬಂದ ನೀರು, ಅದನ್ನು ಹಿಡಿಯಲು ಸೂರಿನ ಅಂಚಿಗೆ ಕಟ್ಟಿದ್ದ ದೋಣಿಯೊಳಗೆ ಬೀಳದೆ ಅದರ ಮೇಲಿಂದಲೇ ಹಾರಿ ಅಂಗಳಕ್ಕೆ ಹೋಗುತ್ತಿತ್ತು. ದೋಣಿಯನ್ನು ಎರಡು ಇಂಚು ಮುಂದಕ್ಕೆ ತಂದು, ಹೊರ ಅಂಚಿಗೆ ಮೂರು ಇಂಚು ಎತ್ತರದ ತಗಡಿನ ಪಟ್ಟಿ ಕೂರಿಸಿ, ಹಿಡಿಕೆಗಳ ನಡುವಿನ ಅಂತರವನ್ನು ಮೂರಡಿಯಿಂದ ಎರಡಡಿಗೆ ಇಳಿಸಿದ ಮೇಲೆ ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು.

ಬಚ್ಚಲ ನೀರು

ಶೌಚಾಲಯಕ್ಕೆ ನೀರೇ ಬೇಡದ, ಮೂತ್ರವನ್ನು ಬೇರೆ ಮಾಡುವ ಒಣ ವಿಧಾನ ಆಗಬೇಕೆಂದು ಕಿರಿಯರ ವಾದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಎಪ್ಪತ್ತೆಂಟು ವರ್ಷದ ಅಜ್ಜಿ ಎಲ್ಲ ಕೇಳಿಸಿಕೊಂಡು, “ಈ ವಯಸ್ಸಿನಲ್ಲಿ ನಂಗೆ ಎರಡು ತೂತಿನ ಪಾಠ ಬೇಡಪ್ಪ” ಎಂದರು. ಸಭೆ ಅಲ್ಲಿಗೆ ಮುಗಿಯಿತು. ಜೋಡಿಗುಂಡಿಯ ಶೌಚಾಲಯ ಕಟ್ಟಿದೆವು: ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ ವರ್ಷ ಮುಟ್ಟದೆ ಬಿಟ್ಟರೆ ಅದು ಗೊಬ್ಬರವಾಗುತ್ತದೆ. ಗುಂಡಿಗಳು ಬೋರಿನಿಂದ 25 ಮೀಟರು ದೂರ, ಇಳಿಜಾರಿನ ಕೆಳಗಡೆ.

ಸ್ನಾನದ ಮತ್ತು ಪಾತ್ರೆಯ ನೀರಿಗೆ 6 ಮೀಟರು ಉದ್ದ, 1.2 ಮೀಟರು ಅಗಲ, 60 ಸೆಂಟಿಮೀಟರು ಆಳದ ಜಲ್ಲಿಪಾತಿ ಮಾಡಿ ಕಾಬಾಳೆ ಮತ್ತು ಜೊಂಡು ನೆಟ್ಟೆವು. ಗಿಡ ಚೆನ್ನಾಗಿ ಹಿಡಿಯಿತು, ಮೊದಲ ತಿಂಗಳು ಹೊರಗೆ ಬರುವ ನೀರಿಗೆ ವಾಸನೆಯೇ ಇರಲಿಲ್ಲ. ಜುಲೈಯಲ್ಲಿ ಕೆಲಸಗಾರರಿಗೂ ಸೇರಿ ದಿನಕ್ಕೆ 25 ಜನರ ಅಡುಗೆ ಶುರುವಾದ ಇಪ್ಪತ್ತು ದಿನಕ್ಕೆ ಪಾತಿಯ ಬಾಯಲ್ಲಿ ನೀರು ನಿಂತು ಹುಳಿ ವಾಸನೆ ಹೊಡೆಯತೊಡಗಿತು. ಅಗೆದು ನೋಡಿದರೆ ಮೊದಲ ಎರಡಡಿಯ ಜಲ್ಲಿಯೆಲ್ಲ ಅನ್ನದ ಗಂಜಿ ಮತ್ತು ಎಣ್ಣೆ ಸೇರಿ ಬೂದುಬಣ್ಣದ ಮುದ್ದೆಯಾಗಿತ್ತು. ಅಡುಗೆಮನೆಯ ನೀರಿಗೆ ಜಾಲರಿ ಮಾತ್ರ ಹಾಕಿದ್ದೆವು. ಎಣ್ಣೆ ತಡೆಯುವ ಗುಂಡಿಯನ್ನು ಆಮೇಲೆ ಮಾಡೋಣವೆಂದು ಬಿಟ್ಟಿದ್ದೆವು. ಆ ಭಾಗದ ಜಲ್ಲಿಯನ್ನು ಪೂರ್ತಿ ತೆಗೆದು ತೊಳೆದು, ಬಾಯಿಯ ಹತ್ತಿರ 40 ಮಿಲಿಮೀಟರಿನ ದಪ್ಪ ಜಲ್ಲಿ ಹಾಕಿದೆವು. ಅದರ ಹಿಂದೆ ಎರಡು ಅಂಕಣದ ಗುಂಡಿ ಕಟ್ಟಿ, ನಡುವೆ ಟಿ ಆಕಾರದ ಪೈಪು ಇಟ್ಟೆವು. ಎಣ್ಣೆ ಮೇಲೆ ತೇಲುತ್ತದೆ, ಕೆಳಗಿನ ನೀರು ಮಾತ್ರ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು ಹುಲ್ಲು ತುಂಬಿದ ಬುಟ್ಟಿಯೊಂದಿದೆ, ವಾರಕ್ಕೊಮ್ಮೆ ಅದರ ಹುಲ್ಲು ಗೊಬ್ಬರದ ಗುಂಡಿಗೆ. ಗಂಜಿಯನ್ನು ಬಚ್ಚಲಿಗೆ ಚೆಲ್ಲುವುದನ್ನೇ ನಿಲ್ಲಿಸಿದೆವು. ಬಂಡಿದಾರಿಯ ಆಚೆಯ ಮನೆಯವರು ಬೆಳಿಗ್ಗೆ ಬಕೀಟು ಇಟ್ಟುಹೋಗುತ್ತಾರೆ, ಸಂಜೆ ಅವರ ಹಸುವಿಗೆ ಅದು ಹೋಗುತ್ತದೆ.

ಈ ದೋಷ ಸಾಮೂಹಿಕ ಮನೆಯಲ್ಲಿ ಒಂದೇ ಕಡೆ ಕಂಡಿದ್ದರಿಂದ ಒಂದು ಪಾತಿ ಅಗೆದು ಸರಿಮಾಡಿದೆವು. ಮನೆಗಳ ನಕ್ಷೆಯಲ್ಲಿ ಇದೇ ತಪ್ಪು ಏಳು ಸಲ ಬರೆದಿತ್ತು. ಮೂರನೇ ನಕ್ಷೆ ಹೋದದ್ದು ಹೀಗೆ. ಅದೇ ಸಂದರ್ಭದಲ್ಲಿ ಪ್ರತಿ ಮನೆಯಲ್ಲೂ ಇದ್ದ ಅತಿಥಿಯ ಕೋಣೆ ಮತ್ತು ಬಟ್ಟೆ ಒಗೆಯುವ ಜಾಗವನ್ನು ತೆಗೆದುಹಾಕಲು ಐದು ಕುಟುಂಬಗಳು ತಾವಾಗಿಯೇ ಒಪ್ಪಿದವು, ಏಕೆಂದರೆ ನಾಲ್ಕು ತಿಂಗಳು ಸರದಿಯಲ್ಲಿ ಇಲ್ಲಿ ಉಳಿದು ನೋಡಿದ ಮೇಲೆ ಅವು ಬೇಕಾಗಲಿಲ್ಲ ಎಂದು ಅವರಿಗೇ ಅನಿಸಿತ್ತು. ಇನ್ನಿಬ್ಬರು ಒಪ್ಪಿಲ್ಲ, ಅವರ ನಕ್ಷೆಯಲ್ಲಿ ಕೋಣೆ ಇದೆ, ಅದರ ಖರ್ಚು ಅವರದು. ಸಾಮೂಹಿಕ ಮನೆಯ ಖರ್ಚನ್ನು ಏಳು ಸಮಪಾಲು ಮಾಡಿದ್ದೇವೆ, ಸ್ವಂತ ಮನೆಗಳದ್ದು ಚದರಡಿಯ ಲೆಕ್ಕ.

ಅಕ್ಟೋಬರ್ 27ರ ಬೆಳಿಗ್ಗೆ ಅಳತೆಪಟ್ಟಿಯಲ್ಲಿ 184 ಸೆಂಟಿಮೀಟರು ಇದೆ. ತೊಟ್ಟಿಯ ಮುಚ್ಚಳದ ಒಂದು ಕಡೆ ಬೆಳಕು ಒಳಗೆ ಬೀಳುತ್ತಿದ್ದು, ಪಾಚಿ ಕಟ್ಟುವ ಮುನ್ನ ಅದಕ್ಕೆ ರಬ್ಬರು ಪಟ್ಟಿ ಹಾಕಿಸಬೇಕು. ದೀಪಾವಳಿ ಕಳೆದ ಮೇಲೆ ಅಜ್ಜಿಯ ಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆಯುತ್ತೇವೆ. ಇಟ್ಟಿಗೆ ಯಂತ್ರಕ್ಕೆ ಡಿಸೆಂಬರ್ ಮೊದಲ ವಾರದಿಂದ ಬಾಡಿಗೆ ಮಾತಾಡಿದೆ, ಎರಡನೇ ತಕ್ಕಡಿ ಕೊಠಡಿಯಲ್ಲಿದೆ.